ಜಾಲರಿ ಮುಚ್ಚಳದ ಬೆಂಕಿ ಡ್ರಮ್: ತರಗೆಲೆ, ಪುಳ್ಳೆಗೆ ಸರಿ, ಕಸಕ್ಕೆ ಖಂಡಿತ ಬೇಡ

ತೋಟದ ತರಗೆಲೆ, ಸವರಿದ ರೆಂಬೆ, ಒಣಗಿದ ಕಡ್ಡಿ ಸುಡಲು ಮಾರುವ ಕಬ್ಬಿಣದ ಡ್ರಮ್ ಇದು. ಮೈತುಂಬ ಗಾಳಿ ತೂತು, ನೆಲದಿಂದ ಎತ್ತಿ ನಿಲ್ಲಿಸಲು ಮೂರು ಕಾಲು, ಮೇಲೆ ಜಾಲರಿ ಮುಚ್ಚಳ. ನೆಲದ ಮೇಲೆ ರಾಶಿ ಹಾಕಿ ಬೆಂಕಿ ಕೊಡುವುದಕ್ಕಿಂತ ಎಷ್ಟೋ ವಾಸಿ. ಹಳ್ಳಿ ಕಡೆ ಜಮೀನು ಇರುವವರು ಕೊಳ್ಳಬಹುದು. ಆದರೆ ಡಬ್ಬದ ಮೇಲೆ ‘ಎಲ್ಲಿ ಬೇಕಾದರೂ, ಏನು ಬೇಕಾದರೂ ಸುಡಿ’ ಅಂತ ಬರೆದಿದ್ದಾರೆ. ಈ ಮಾತನ್ನು ನಂಬಲೇಬೇಡಿ.

ಮೊದಲು ಮುಚ್ಚಳದ ಬಗ್ಗೆ ಹೇಳುತ್ತೇನೆ, ಏಕೆಂದರೆ ಕೊಟ್ಟ ದುಡ್ಡಿಗೆ ಸಿಗುವ ನಿಜವಾದ ಲಾಭ ಅದೇ. ಉರಿಯ ಬಿಸಿಗಾಳಿ ಮೇಲೇರುವಾಗ ಹೊತ್ತಿಕೊಂಡ ಎಲೆಯನ್ನೂ ಜೊತೆಗೆ ಎತ್ತಿಕೊಂಡು ಹೋಗುತ್ತದೆ. ಅದು ಒಣಹುಲ್ಲಿನ ಮೇಲೆ ಬಿದ್ದರೆ ಮುಗಿಯಿತು. ಇದರ ಜಾಲರಿಯ ಕಣ್ಣು ಸುಮಾರು 6 ಮಿಲಿಮೀಟರ್, ದೊಡ್ಡ ಕಿಡಿಗಳು ಅಲ್ಲೇ ನಿಲ್ಲುತ್ತವೆ. ಕೊರತೆ ಏನೆಂದರೆ ಮುಚ್ಚಳಕ್ಕೆ ಚಿಲಕ ಇಲ್ಲ. ಒಂದು ಕಡ್ಡಿ ಅಂಚಿನಿಂದ ಮೇಲೆ ಚಾಚಿದ್ದರೂ ಮುಚ್ಚಳ ಓರೆಯಾಗುತ್ತದೆ, ಆ ಸಂದಿಯಲ್ಲೇ ಕಿಡಿ ಹೊರಬರುತ್ತದೆ. ರೆಂಬೆಗಳನ್ನು ಗಿಡ್ಡವಾಗಿ ಕಡಿದು ಅಂಚಿನ ಕೆಳಗೇ ತುಂಬಿ, ಸ್ವಲ್ಪ ಸ್ವಲ್ಪವೇ ಹಾಕುತ್ತಾ ಹೋಗಿ.

ಎಲ್ಲಿ ಇಡಬೇಕು ಅನ್ನುವುದನ್ನು ಕೈಪಿಡಿ ಒಂದೇ ಸಾಲಿನಲ್ಲಿ ಮುಗಿಸಿದೆ, ಇದು ನನಗೆ ತುಂಬಾ ಬೇಸರ ತಂದ ವಿಷಯ. ಡ್ರಮ್ ಸುತ್ತ ಕನಿಷ್ಠ 3 ಮೀಟರ್ ಹುಲ್ಲು, ಎಲೆ ಎಲ್ಲ ಕೆರೆದು ಬರೀ ಮಣ್ಣು ಕಾಣುವಂತೆ ಮಾಡಿ. ಮೇಲೆ ಕೊಂಬೆ, ವಿದ್ಯುತ್ ತಂತಿ ಇರಬಾರದು. ಮನೆ, ಕೊಟ್ಟಿಗೆ, ಬೇಲಿಯಿಂದ ಎಷ್ಟು ದೂರ ಅನ್ನುವುದು ಒಂದೊಂದು ಕಡೆ ಒಂದೊಂದು ನಿಯಮ, 15 ಮೀಟರ್‌ಗಿಂತ ಹತ್ತಿರ ನಾನಂತೂ ಇಡುವುದಿಲ್ಲ. ಕೊಳೆತ ಎಲೆಯ ದಪ್ಪ ಪದರ ಇರುವ ನೆಲ ಬೇಡವೇ ಬೇಡ, ಅಂಥಲ್ಲಿ ಬೆಂಕಿ ಒಳಗೊಳಗೇ ಹರಡಿ ಬೇರು ಹಿಡಿದು ಬೇರೆಲ್ಲೋ ಏಳಬಹುದು. ಮತ್ತೆ, ಸ್ವಂತ ಜಮೀನು ಅಂದ ಮಾತ್ರಕ್ಕೆ ಬೇಕೆಂದಾಗ ಸುಡಬಹುದು ಅಂತಲ್ಲ. ಅನೇಕ ಕಡೆ ಸ್ಥಳೀಯ ಆಡಳಿತ ಅಥವಾ ಅಗ್ನಿಶಾಮಕ ದಳದ ಅನುಮತಿ ಬೇಕು, ಒಣ ತಿಂಗಳುಗಳಲ್ಲಿ ಪೂರ್ತಿ ನಿಷೇಧವೂ ಇರಬಹುದು, ಕೆಲವು ಕಡೆ ಇಂಥ ಡ್ರಮ್ಮಿಗೇ ಅವಕಾಶ ಇಲ್ಲ. ಕೊಳ್ಳುವ ಮೊದಲೇ ಕೇಳಿಕೊಳ್ಳಿ. ಅನುಮತಿ ಇದ್ದರೂ ಗಾಳಿ ಜೋರಾಗಿದ್ದರೆ ಆ ದಿನ ಬಿಟ್ಟುಬಿಡಿ, ತರಗೆಲೆ ಎಲ್ಲಿಗೂ ಓಡಿಹೋಗುವುದಿಲ್ಲ ಅಲ್ವಾ? ಅಕ್ಕಪಕ್ಕದವರಿಗೂ ಒಂದು ಮಾತು ಹೇಳಿ. ಉಬ್ಬಸ ಇರುವವರಿಗೆ ಹೊಗೆ ಸಣ್ಣ ವಿಷಯವಲ್ಲ.

ಇನ್ನು ‘ಏನು ಬೇಕಾದರೂ’ ಅನ್ನುವ ಮಾತು. ಪ್ಲಾಸ್ಟಿಕ್, ರಬ್ಬರ್, ಡೈಪರ್, ಬಣ್ಣ ಹಚ್ಚಿದ ಹಲಗೆ ಯಾವುದೂ ಇದರೊಳಗೆ ಹೋಗಬಾರದು. ದೊಡ್ಡ ದಹನ ಘಟಕಗಳಲ್ಲಿ 850 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಜಾಸ್ತಿ ಬಿಸಿಯನ್ನು ಕಾಯ್ದುಕೊಂಡು ಕಸ ಸುಡುತ್ತಾರೆ, ಹೊಗೆಯನ್ನೂ ಸೋಸುತ್ತಾರೆ. ಡ್ರಮ್ಮಿನಲ್ಲಿ ಅಷ್ಟು ಬಿಸಿ ನಿಲ್ಲುವುದಿಲ್ಲ, ಅರೆಬೆಂದ ಕಸದಿಂದ ಡಯಾಕ್ಸಿನ್‌ನಂಥ ವಿಷ ಹೊರಬರುತ್ತದೆ. ಗೆದ್ದಲು ಹಿಡಿಯದಂತೆ ರಾಸಾಯನಿಕ ತುಂಬಿದ ಹಳೆಯ ಮರದಲ್ಲಿ ಆರ್ಸೆನಿಕ್ ಎಂಬ ವಿಷ ಇರಬಹುದು, ಅದು ಬೂದಿಯಲ್ಲೂ ಉಳಿಯುತ್ತದೆ. ಹಸಿ ಸೊಪ್ಪು ಹಾಕಿದರೆ ಬರೀ ಹೊಗೆ, ಅದನ್ನು ಗೊಬ್ಬರದ ಗುಂಡಿಗೆ ಹಾಕಿ. ಬೆಂಕಿ ಹಿಡಿಯಲಿಲ್ಲ ಅಂತ ಪೆಟ್ರೋಲ್ ಸುರಿಯುವುದಂತೂ ಪ್ರಾಣಕ್ಕೇ ಅಪಾಯ. ಅದರ ಆವಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಹರಡಿ ನಿಂತಿರುತ್ತದೆ, ಕಡ್ಡಿ ಗೀರಿದ ಕ್ಷಣ ನಿಮ್ಮ ಕಾಲ ಬುಡದಲ್ಲೇ ಹೊತ್ತಿಕೊಳ್ಳುತ್ತದೆ. ಒಣ ಪುಳ್ಳೆ, ಒಂದಿಷ್ಟು ಕಾಗದ ಸಾಕು.

ತೂತುಗಳಿಂದ ಗಾಳಿ ಚೆನ್ನಾಗಿ ಆಡುವುದರಿಂದ ಒಣ ಕಡ್ಡಿ ಬೇಗ ಉರಿದು ಬೂದಿ ಕಡಿಮೆ ಉಳಿಯುತ್ತದೆ, ಈ ವಿಷಯದಲ್ಲಿ ಡ್ರಮ್ಮಿಗೆ ಪೂರ್ತಿ ಅಂಕ. ಆದರೆ ಉರಿ ಇಳಿಯಿತು ಅಂತ ಒಳಗೆ ಹೋಗಬೇಡಿ. ನೀರಿನ ಪೈಪು, ಸನಿಕೆ ಮೊದಲಿಂದಲೇ ಕೈಗೆ ಸಿಗುವಂತಿರಲಿ, ಕೊನೆಯವರೆಗೂ ದೊಡ್ಡವರೊಬ್ಬರು ಅಲ್ಲೇ ಇರಲಿ. ಬೂದಿಯ ಅಡಿಯಲ್ಲಿ ಕೆಂಡ ದಿನಗಟ್ಟಲೆ ಜೀವ ಹಿಡಿದಿರುತ್ತದೆ. ದೂರ ನಿಂತು ನಿಧಾನವಾಗಿ ನೀರು ಹಾಕಿ, ಆವಿ ಜೋರಾಗಿ ಏಳುತ್ತದೆ. ಆಮೇಲೆ ಸನಿಕೆಯಿಂದ ಕದಡಿ, ಮತ್ತೆ ನೀರು ಹಾಕಿ. ಅಂಗೈಯನ್ನು ಬೂದಿಯ ಸಮೀಪ ಹಿಡಿದಾಗ ಬಿಸಿ ತಾಗಬಾರದು. ಬೂದಿಯನ್ನು ಪ್ಲಾಸ್ಟಿಕ್ ಬಕೆಟ್ಟಿಗೆ ತುಂಬಬೇಡಿ, ಮುಚ್ಚಳ ಇರುವ ಲೋಹದ ಡಬ್ಬವೇ ಆಗಬೇಕು.

ಇದೇ ಡ್ರಮ್ಮಿನ ಸತು ಲೇಪದ ಮಾದರಿ ಇನ್ನೂ ಅಗ್ಗ, ನೋಡಲೂ ಚೆನ್ನ. ಆದರೆ ಜೋರು ಬಿಸಿಗೆ ಸತುವಿನ ಹೊಗೆ ಬರುತ್ತದೆ, ಅದನ್ನು ಉಸಿರಾಡಿದರೆ ಜ್ವರ, ಚಳಿ ಬರಬಹುದು. ಬರೀ ಕಬ್ಬಿಣದ್ದನ್ನೇ ತಗೊಳ್ಳಿ. ತುಕ್ಕು ಹಿಡಿಯುತ್ತದೆ ನಿಜ, ಬೂದಿ ತೆಗೆದು ಒಣಗಿಸಿ ಬೋರಲು ಹಾಕಿಟ್ಟರೆ ಜಾಸ್ತಿ ಕಾಲ ಬಾಳುತ್ತದೆ. ತಳ ಸವೆದು ಕೆಂಡ ಉದುರುವಷ್ಟು ತೂತಾದ ಮೇಲೆ ಮಾತ್ರ ಬಳಸಬೇಡಿ, ಗುಜರಿಗೆ ಹಾಕಿ.