ದಾವಣಗೆರೆಯ ಒಂದು ಸ್ಪೋಕನ್ ಇಂಗ್ಲಿಷ್ ಕ್ಲಾಸ್: ಮಾತಿಗೆ ಸೇರಿ, ಆಕ್ಸೆಂಟ್‌ಗೆ ದುಡ್ಡು ಕಟ್ಟಬೇಡಿ

ದಾವಣಗೆರೆಯಲ್ಲಿ ಕಾಲೇಜಿಗೆ ಬರ ಇಲ್ಲ, ಹಾಗಾಗಿ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೂ ಬರ ಇಲ್ಲ. ನಾನು ಸೇರಿದ್ದು ಊರ ಮಧ್ಯದ ಒಂದಕ್ಕೆ. ಹೆಸರು ಹಾಕಲ್ಲ, ಯಾಕಂದ್ರೆ ಕೆಳಗೆ ಸ್ವಲ್ಪ ಬೈದಿದ್ದೇನೆ, ಆದರೆ ಪಾಠ ಮಾಡುವ ಸರ್ ಒಳ್ಳೆಯವರು.

ಕೋರ್ಸು ಎರಡು ಭಾಗ. ಮೊದಲನೆಯದು ಬರೀ ಮಾತು, ಫೀಸು 4,500. ಎರಡನೆಯದು ಆಕ್ಸೆಂಟ್ ಟ್ರೈನಿಂಗ್, ಅದಕ್ಕೆ ಬೇರೆ 6,000. ಮೊದಲನೆಯದಕ್ಕೆ ಕಣ್ಣು ಮುಚ್ಚಿ ಸೇರಿ. ಎರಡನೆಯದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯಬೇಕು.

ಮೊದಲು ಒಳ್ಳೆಯದು. ನಮ್ಮ ಬ್ಯಾಚ್‌ನಲ್ಲಿ ಬಟ್ಟೆ ಅಂಗಡಿ ನೋಡಿಕೊಳ್ಳುವವರಿದ್ದರು, ಡಿಗ್ರಿ ಹುಡುಗರಿದ್ದರು, ವಿದೇಶಕ್ಕೆ ಹೋಗಬೇಕು ಅಂತಿದ್ದ ನರ್ಸ್‌ಗಳಿದ್ದರು. ಬಹುತೇಕ ಎಲ್ಲರೂ ಕನ್ನಡ ಮೀಡಿಯಂ. ಓದಿದರೆ ಎಲ್ಲ ಅರ್ಥ ಆಗುತ್ತೆ, ಬಾಯಿ ಮಾತ್ರ ಬರಲ್ಲ. ಇಂಥವರಿಗೆ ಸರ್ ಗ್ರಾಮರ್ ಪುಸ್ತಕ ಕೊಡುವುದಿಲ್ಲ. ಇಬ್ಬರನ್ನು ಬೆನ್ನಿಗೆ ಬೆನ್ನು ಹಾಕಿ ಕುರ್ಚಿಯಲ್ಲಿ ಕೂರಿಸುತ್ತಾರೆ. ಒಬ್ಬರು ಗ್ಯಾಸ್ ಏಜೆನ್ಸಿಯವರು, ಇನ್ನೊಬ್ಬರ ಮನೆಗೆ ಸಿಲಿಂಡರ್ ಬಂದಿಲ್ಲ, ಈಗ ಫೋನಿನಲ್ಲಿ ಜಗಳ ಆಡಿ. ಮುಖ ಕಾಣಲ್ಲ, ಕೈಸನ್ನೆ ನಡೆಯಲ್ಲ, ತಲೆ ಅಲ್ಲಾಡಿಸಿ ಪಾರಾಗೋಕೂ ಆಗಲ್ಲ. ಬಾಯಿ ಬಿಡಲೇಬೇಕು. ಮೊದಲ ವಾರ ಎಲ್ಲರೂ ತೊದಲಿದರು, ಆಮೇಲೆ ಜಗಳ ಎಷ್ಟು ಜೋರಾಯಿತೆಂದರೆ ಪಕ್ಕದ ಟೈಪಿಂಗ್ ಕ್ಲಾಸಿನವರು ಬಂದು ಬಾಗಿಲು ತಟ್ಟಿದರು. ಇಷ್ಟಕ್ಕೇ 4,500 ಕೊಡಬಹುದು.

ಇನ್ನು ಆಕ್ಸೆಂಟ್. ಗೋಡೆ ಮೇಲೆ ದೊಡ್ಡದಾಗಿ 'ಎಂಟಿಐ ನಿವಾರಣೆ' ಅಂತ ಬರೆದಿದ್ದಾರೆ. ಎಂಟಿಐ ಅಂದರೆ ಮದರ್ ಟಂಗ್ ಇನ್‌ಫ್ಲುಯೆನ್ಸ್, ನಾವಾಡುವ ಇಂಗ್ಲಿಷಿನಲ್ಲಿ ಕನ್ನಡ ಕೇಳಿಸುವುದು. ಓದಿದರೆ ಬಸ್ ಸ್ಟ್ಯಾಂಡ್ ಗೋಡೆಯ ಮೂಲವ್ಯಾಧಿ ಜಾಹೀರಾತಿನ ಥರ ಇದೆ, ಅಲ್ವಾ?

ನಿಜ ಹೇಳಬೇಕೆಂದರೆ ಇದರಲ್ಲೂ ಕೆಲವು ಪಾಠ ಕೆಲಸಕ್ಕೆ ಬಂತು. ಒಂದು ತೆಳು ಕಾಗದದ ಚೂರನ್ನು ತುಟಿ ಮುಂದೆ ಹಿಡಿದು 'ಪೆನ್' ಅನ್ನಿ. ಇಂಗ್ಲೆಂಡಿನವರು ಹೇಳಿದರೆ ಕಾಗದ ಹಾರುತ್ತೆ, ನಾವು ಹೇಳಿದರೆ ಕದಲಲ್ಲ. ಅವರು ಪದದ ಶುರುವಿನ ಪ, ಟ, ಕಗಳನ್ನು ಉಸಿರು ಬಿಟ್ಟು ಹೇಳುತ್ತಾರೆ, ಹೆಚ್ಚುಕಮ್ಮಿ ನಮ್ಮ ಮಹಾಪ್ರಾಣದ ಹಾಗೆ. ಹಾಗಾಗಿ ನಮ್ಮ 'ಪೆನ್' ಅವರ ಕಿವಿಗೆ 'ಬೆನ್' ಅಂತ ಕೇಳಿಸಬಹುದು. ಒತ್ತು ಎಲ್ಲಿ ಹಾಕಬೇಕು ಅನ್ನೋದನ್ನೂ ಚಪ್ಪಾಳೆ ತಟ್ಟಿ ಚೆನ್ನಾಗಿ ಹೇಳಿಕೊಟ್ಟರು. ಹೋಟೆಲ್ ಅನ್ನುವಾಗ ಒತ್ತು 'ಟೆಲ್' ಮೇಲೆ, ನಾವು 'ಹೋ' ಮೇಲೆ ಹಾಕುತ್ತೇವೆ. 'ಎಗ್' ಅನ್ನುವ ಕಡೆ 'ಯೆಗ್', 'ಓನ್ಲಿ' ಅನ್ನುವ ಕಡೆ 'ವೋನ್ಲಿ' ಅನ್ನೋದು ಹೇಗೂ ನಮ್ಮ ಹಳೇ ಅಭ್ಯಾಸ, ಅದನ್ನೂ ಹಿಡಿದರು. ಎದುರಿನವರಿಗೆ ಅರ್ಥ ಆಗೋಕೆ ಬೇಕಾದ್ದು ಇದು, ಸರಿ.

ತೊಂದರೆ ಇದಾದ ಮೇಲೆ ಶುರುವಾಗುತ್ತೆ. 'ಕಾರ್' ಅನ್ನಬಾರದಂತೆ, 'ಕಾ' ಅನ್ನಬೇಕಂತೆ, ರ ಉಚ್ಚರಿಸಿದರೆ ಹಳ್ಳಿಯವರ ಥರ ಕೇಳಿಸುತ್ತಂತೆ. ಯಾವ ಹಳ್ಳಿ ಸರ್? ಸ್ಕಾಟ್ಲೆಂಡಿನವರು ರ ಹೇಳುತ್ತಾರೆ, ಐರ್ಲೆಂಡಿನವರು ಹೇಳುತ್ತಾರೆ, ಇಂಗ್ಲೆಂಡಿನದೇ ನೈಋತ್ಯ ಮೂಲೆಯವರೂ ಹೇಳುತ್ತಾರೆ, ಅಮೆರಿಕದವರಂತೂ ಸರಿಯೇ ಸರಿ. ಅದೇ ದಿನ ತೋರಿಸಿದ ವಿಡಿಯೋ ಅಮೆರಿಕದ್ದು, ಅದರಲ್ಲಿ 'ವಾಟರ್' ಹೋಗಿ 'ವಾಡರ್' ಆಗಿತ್ತು. ಕೈಯಲ್ಲಿರೋ ಹಾಳೆಯಲ್ಲಿ ರ ಇಲ್ಲ, ಟಿವಿಯಲ್ಲಿ ರ ಇದೆ. ಯಾವುದನ್ನು ಕಲಿಯಬೇಕು ಅಂತ ಕೇಳಿದರೆ "ಎರಡೂ ಗೊತ್ತಿರ್ಲಿ ಬಿಡ್ರಿ" ಅಂದರು.

ಒಬ್ಬ ಹುಡುಗ 'ಕಟ್' ಅನ್ನುವುದನ್ನು 'ಕುಟ್' ಅಂತ ಓದಿಬಿಟ್ಟ. ಇಡೀ ಕ್ಲಾಸು ನಕ್ಕಿತು, ಪಾಪ ಅವನು ಆಮೇಲೆ ಒಂದು ವಾರ ಬಾಯೇ ಬಿಡಲಿಲ್ಲ. ನಮ್ಮೂರಿಗೆ ಹತ್ತಿ ಮಿಲ್ಲುಗಳ ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿತ್ತು. ಆ ಅಸಲಿ ಮ್ಯಾಂಚೆಸ್ಟರ್‌ನಲ್ಲಿ, ಅಷ್ಟೇ ಏಕೆ ಉತ್ತರ ಇಂಗ್ಲೆಂಡಿನ ಬಹುಭಾಗದಲ್ಲಿ, ಇವತ್ತಿಗೂ ಜನ ಹೆಚ್ಚುಕಮ್ಮಿ 'ಕುಟ್' ಅಂತಲೇ ಅನ್ನುತ್ತಾರೆ, 'ಬುಸ್' ಅಂತಲೇ ಅನ್ನುತ್ತಾರೆ. ಆ ಹುಡುಗನನ್ನು ಅಲ್ಲಿ ಬಿಟ್ಟರೆ ಯಾರೂ ನಗಲಿಕ್ಕಿಲ್ಲ.

ಇವರು ಬ್ರಿಟಿಷ್ ಉಚ್ಚಾರಣೆ ಅಂತ ಮಾರುತ್ತಿರುವ ಮಾತು ಬ್ರಿಟನ್ನಿನಲ್ಲೇ ನೂರಕ್ಕೆ ಸುಮಾರು ಮೂರು ಜನ ಆಡೋದು ಅನ್ನೋದು ಬಹಳ ಕಾಲದಿಂದ ಇರುವ ಅಂದಾಜು. ಉಳಿದವರು ತಂತಮ್ಮ ಊರಿನ ಇಂಗ್ಲಿಷ್ ಆಡಿಕೊಂಡು ಇದ್ದಾರೆ, ಅವರಿಗೂ ಈ ಕೀಳರಿಮೆ ಕಾಟ ಇದೆ. 1941ರಲ್ಲಿ, ಯುದ್ಧದ ನಡುವೆ, ಬಿಬಿಸಿ ಯಾರ್ಕ್‌ಷೈರ್ ಕಡೆಯ ವಿಲ್ಫ್ರೆಡ್ ಪಿಕಲ್ಸ್ ಅನ್ನುವವರನ್ನು ರೇಡಿಯೋ ವಾರ್ತೆ ಓದಲು ಕೂರಿಸಿತು. ಅವರು ತಮ್ಮ ಕಡೆಯ ರೀತಿಯಲ್ಲೇ 'ಗುಡ್ ನೀಟ್' ಅಂತ ವಿದಾಯ ಹೇಳಿದರೆ ಕೇಳುಗರು ದೂರು ಬರೆದರು. 2004ರಲ್ಲಿ ಅದೇ ಬಿಬಿಸಿ ಒಂದು ಸಮೀಕ್ಷೆ ಮಾಡಿಸಿತು. 5,000ಕ್ಕೂ ಹೆಚ್ಚು ಜನ 34 ಬಗೆಯ ಉಚ್ಚಾರಣೆಗೆ ಅಂಕ ಕೊಟ್ಟರು. ಮಜಾ ಏನೆಂದರೆ ಅವರಿಗೆ ಯಾವ ಧ್ವನಿಯನ್ನೂ ಕೇಳಿಸಿರಲಿಲ್ಲ, ಬರೀ ಹೆಸರು ನೋಡಿ ಅಂಕ. ಬರ್ಮಿಂಗ್‌ಹ್ಯಾಮ್ ತಳಕ್ಕೆ ಹೋಯಿತು. ಆದರೆ ಪಟ್ಟಿಯಲ್ಲಿ 'ನನ್ನಂಥದೇ ಉಚ್ಚಾರಣೆ' ಅಂತಲೂ ಒಂದಿತ್ತು, ಅದಕ್ಕೆ ಜನ ಮೇಲಿನ ಸಾಲಿನಲ್ಲೇ ಜಾಗ ಕೊಟ್ಟಿದ್ದರು.

ನಮ್ಮ ಬ್ಯಾಚ್‌ನಲ್ಲಿ ಹೀಗೆ ಕೇಳಿದ್ದರೆ ಎಲ್ಲರೂ ತಮ್ಮ ಇಂಗ್ಲಿಷಿಗೆ ಸೊನ್ನೆ ಹಾಕುತ್ತಿದ್ದರು. ವಿಚಿತ್ರ ನೋಡಿ, ಕನ್ನಡದ ವಿಷಯಕ್ಕೆ ನಾವು ಹೀಗಿಲ್ಲ. ಬೆಂಗಳೂರಿಗೆ ಹೋದರೆ "ನೀವು ಹುಬ್ಬಳ್ಳಿ ಕಡೆಯವರಾ?" ಅಂತಾರೆ, ಹುಬ್ಬಳ್ಳಿಗೆ ಹೋದರೆ "ಬೆಂಗಳೂರು ಕಡೆಯವ್ರೇನ್ರಿ?" ಅಂತಾರೆ. ಎರಡಕ್ಕೂ ನಾವು ನಕ್ಕು ಸುಮ್ನಾಗ್ತೀವಿ, ಯಾರೋ ಏನೋ ಅಂದರು ಅಂತ 'ಏನಲೇ' ಬಿಟ್ಟವರನ್ನು ನಾನು ನೋಡಿಲ್ಲ. ಸರ್ ಕೂಡ ಅಷ್ಟೇ. ಸಿಟ್ಟು ಬಂದಾಗ ಅವರ ಬ್ರಿಟಿಷ್ ಹೋಗಿ ಇಂಗ್ಲಿಷಿನಲ್ಲೇ ಅಪ್ಪಟ ದಾವಣಗೆರೆ ಬರುತ್ತೆ, ಆಗ ಹೇಳಿದ್ದು ಕೊನೇ ಬೆಂಚಿಗೂ ಅರ್ಥ ಆಗುತ್ತೆ.

ನನಗೆ ನಿಜಕ್ಕೂ ಬೇಸರವಾಗಿದ್ದು ನರ್ಸ್‌ಗಳ ವಿಷಯಕ್ಕೆ. ಹರಿಹರದಿಂದ ಬಸ್ಸಿಗೆ ಬರುತ್ತಿದ್ದ ಒಬ್ಬಳು ಒಂದು ದಿನ ಕೇಳಿದಳು, "ಅಣ್ಣಾ, ಅಲ್ಲಿ ಪೇಷಂಟ್‌ಗಳು ನಮ್ಮ ಮಾತು ಕೇಳಿ ನಗ್ತಾರೇನ್ರಿ?" ಆಕೆ ಹೊರಟಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋಗೆ. ನಗೋದು ಹಾಗಿರಲಿ, ಅಲ್ಲಿಯ ಅಜ್ಜ ಎದೆ ನೋವು ಅಂತ ಹೇಳಿದರೆ ಈಕೆಗೆ ಅರ್ಥ ಆಗುತ್ತಾ? 'ಹೌಸ್' ಅನ್ನೋದನ್ನ ಅಲ್ಲಿ 'ಹೂಸ್' ಅನ್ನುವವರಿದ್ದಾರೆ. ಕಿವಿ ಪಳಗಬೇಕಿತ್ತು. ಇಡೀ ಆಕ್ಸೆಂಟ್ ಕೋರ್ಸಿನಲ್ಲಿ ಗ್ಲಾಸ್ಗೋ ಇರಲಿ, ಲಿವರ್‌ಪೂಲ್ ಇರಲಿ, ಒಂದೇ ಒಂದು ಊರಿನ ಮಾತನ್ನೂ ಕೇಳಿಸಲಿಲ್ಲ. ಯೂಟ್ಯೂಬ್‌ನಲ್ಲಿ ಬೇಕಾದಷ್ಟಿದೆ, ಒಂದು ಸ್ಪೀಕರ್ ಇಟ್ಟಿದ್ದರೆ ಸಾಕಿತ್ತು. ಅದಕ್ಕೆ 6,000 ಕೇಳಿದ್ದರೆ ನಾನೇ ನಾಲ್ಕು ಜನರನ್ನು ಸೇರಿಸುತ್ತಿದ್ದೆ.

ಅಂದಹಾಗೆ ವಿದೇಶಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ಗೆ ಬ್ರಿಟಿಷ್ ಆಕ್ಸೆಂಟ್ ಬೇಕೇ ಬೇಕು ಅಂತ ಇಲ್ಲಿ ಹೆದರಿಸುತ್ತಾರೆ. ಸುಳ್ಳು. ಸ್ಪೀಕಿಂಗ್‌ನಲ್ಲಿ ನಾಲ್ಕು ಅಂಶಕ್ಕೆ ಸಮಾನ ಅಂಕ: ತಡವರಿಸದೆ ಹೊಂದಿಸಿ ಮಾತಾಡೋದು, ಪದಗಳ ಬಳಕೆ, ವ್ಯಾಕರಣ, ಉಚ್ಚಾರಣೆ. ಉಚ್ಚಾರಣೆಯಲ್ಲಿ ನೋಡೋದು ಕೇಳುವವರಿಗೆ ಸಲೀಸಾಗಿ ಅರ್ಥ ಆಗುತ್ತಾ, ಒತ್ತು, ಏರಿಳಿತ ಸರಿಯಿದೆಯಾ ಅಂತ. ಕನ್ನಡದ ಛಾಯೆ ಇದ್ದ ಮಾತ್ರಕ್ಕೆ ಅಂಕ ಹೋಗಲ್ಲ.

ಸೇರುವವರಿಗೆ ಒಂದೆರಡು ಮಾತು. ಎರಡೂ ಕೋರ್ಸಿಗೆ ಒಟ್ಟಿಗೆ ಕಟ್ಟಿದರೆ ಸಾವಿರ ರೂಪಾಯಿ ಬಿಡ್ತೀವಿ ಅಂತ ಆಫೀಸಿನ ಮೇಡಂ ಹೇಳುತ್ತಾರೆ, ಒಪ್ಪಬೇಡಿ. ಕಟ್ಟಿದ ದುಡ್ಡು ವಾಪಸ್ ಕೊಡಲ್ಲ. ಒತ್ತಿನ ಪಾಠ ಮೊದಲ ಕೋರ್ಸಿನಲ್ಲೇ ಸೇರಿಸಿ ಅಂತ ನಾಲ್ಕು ಜನ ಒಟ್ಟಾಗಿ ಕೇಳಿದರೆ ಸರ್ ಒಪ್ಪುತ್ತಾರೆ, ನಮ್ಮ ನಂತರದ ಬ್ಯಾಚಿನವರು ಕೇಳಿ ಮಾಡಿಸಿಕೊಂಡಿದ್ದಾರೆ. ಬೆಳಗಿನ ಬ್ಯಾಚೇ ಒಳ್ಳೆಯದು, ಸಂಜೆ ಕರೆಂಟು ಹೋದರೆ ಜನರೇಟರ್ ಇಲ್ಲ. ಗಾಡಿ ನಿಲ್ಲಿಸೋಕೆ ಜಾಗವೂ ಇಲ್ಲ, ಎದುರಿನ ಮೆಡಿಕಲ್ ಶಾಪಿನವರು ಬೈತಾರೆ.