ಡಬ್ಬದಲ್ಲಿ ಬಂದ ವಿಮಾನ, ಮನೆಯಲ್ಲಿ ಕಟ್ಟಿದ ವಿಮಾನ

ಆರ್‌ಸಿ ವಿಮಾನ, ಅಂದರೆ ರಿಮೋಟಿನಲ್ಲಿ ಓಡುವ ಪುಟ್ಟ ವಿಮಾನ, ಹಾರಿಸಲು ಶುರು ಮಾಡಬೇಕು, ಯಾವುದು ತಗೊಳ್ಳಲಿ ಎಂದು ಯಾರೇ ಕೇಳಿದರೂ ನನ್ನ ಉತ್ತರ ಒಂದೇ: ಡೆಪ್ರಾನ್ ಎಂಬ ಹಗುರ ಫೋಮ್ ಶೀಟ್ ತಂದು ಕಟ್ಟಿಕೊಳ್ಳಿ. ರೆಡಿಮೇಡನ್ನೂ ಹಾರಿಸಿ ನೋಡಿಯೇ ಈ ಮಾತು ಹೇಳುತ್ತಿದ್ದೇನೆ.

ನಾನು ಕೊಂಡಿದ್ದ ರೆಡಿಮೇಡ್ ವಿಮಾನ 250 ಗ್ರಾಂ ಒಳಗಿನದು. ಇಪಿಒ ಎಂಬ ಫೋಮಿನ ಮೈ, ಒಳಗೆ ವಿಮಾನ ವಾಲಿದ್ದನ್ನು ಗುರುತಿಸುವ ಗೈರೊ, ಜೊತೆಗೇ ರಿಮೋಟ್. ಡಬ್ಬ ಒಡೆದು, ಚಾರ್ಜ್ ಮಾಡಿ, ಎಸೆದರೆ ಹಾರುತ್ತದೆ. ಆ ಗೈರೊ ಬಗ್ಗೆ ನನಗೆ ನಿಜವಾಗಿಯೂ ಗೌರವವಿದೆ. ವಿಮಾನ ನಮ್ಮತ್ತ ಮುಖ ಮಾಡಿ ಬರುವಾಗ ಎಡ ಬಲ ಅದಲುಬದಲಾಗುತ್ತದಲ್ಲ, ಹೊಸಬರು ನೆಲಕ್ಕೆ ಬಡಿಯುವುದು ಹೆಚ್ಚಾಗಿ ಅಲ್ಲೇ. ಗಾಬರಿಯಾಗಿ ಸ್ಟಿಕ್ ಬಿಟ್ಟರೆ ಗೈರೊ ತಾನೇ ರೆಕ್ಕೆ ಸಮ ಮಾಡಿಕೊಳ್ಳುತ್ತದೆ. ಕಲಿಸುವವರು ಪಕ್ಕದಲ್ಲಿಲ್ಲದವರಿಗೆ ಇದು ದೊಡ್ಡ ಆಸರೆ.

ತೊಂದರೆ ಶುರುವಾದದ್ದು ಒಂದು ಸರ್ವೊದಿಂದ, ಅಂದರೆ ರೆಕ್ಕೆ ಬಾಲಗಳ ಪಟ್ಟಿಗಳನ್ನು ಆಡಿಸುವ ಪುಟ್ಟ ಮೋಟಾರಿನಿಂದ. ರಾಗಿ ಕೊಯ್ದ ಹೊಲದಲ್ಲಿ ಇಳಿಯುವಾಗ ಬಾಲದಲ್ಲಿ ಮೇಲೆ ಕೆಳಗೆ ಆಡುವ ಎಲಿವೇಟರ್ ಪಟ್ಟಿ ಕೂಳೆಗೆ ತಗುಲಿ ಒಳಗಿನ ಸರ್ವೊದ ಹಲ್ಲು ಮುರಿಯಿತು. ಮೈಗೆ ಏನೂ ಆಗಿಲ್ಲ, ಮೋಟಾರ್ ತಿರುಗುತ್ತಿದೆ, ಬೇಕಾಗಿರುವುದು ಸಾಸಿವೆಯಷ್ಟು ಪ್ಲಾಸ್ಟಿಕ್ ಹಲ್ಲು. ಬಿಚ್ಚಿ ನೋಡಿದರೆ ರಿಮೋಟಿನ ಸಂಕೇತ ಹಿಡಿಯುವ ರಿಸೀವರ್, ಗೈರೊ, ಮೋಟಾರಿನ ವೇಗ ನೋಡಿಕೊಳ್ಳುವ ಇಎಸ್‌ಸಿ, ಎರಡು ಸರ್ವೊ, ಎಲ್ಲವೂ ಒಂದೇ ಬೋರ್ಡಿನ ಮೇಲೆ ಕೂತಿವೆ. ಸರ್ವೊ ಒಂದನ್ನೇ ಕಿತ್ತು ಬೇರೆ ಹಾಕುವ ಹಾಗಿಲ್ಲ. ಮಾರಿದವರನ್ನು ಕೇಳಿದರೆ, ‘ಪೂರ್ತಿ ಬೋರ್ಡ್ ಬದಲಾಯಿಸಬೇಕು ಸಾರ್, ಸದ್ಯಕ್ಕೆ ಸ್ಟಾಕ್ ಇಲ್ಲ.’

ಆ ಬೋರ್ಡ್ ಬಿಟ್ಟು ಬೇರೆ ರಿಸೀವರ್ ಹಾಕೋಣವೆಂದರೆ ಅದರ ರಿಮೋಟ್ ತನ್ನ ಬೋರ್ಡಿಗೆ ಬಿಟ್ಟು ಇನ್ಯಾವುದಕ್ಕೂ ಬೈಂಡ್ ಆಗುವುದಿಲ್ಲ, ಅಂದರೆ ಜೋಡಿಯಾಗುವುದಿಲ್ಲ. ಬ್ಯಾಟರಿ ಒಂದೇ ಸೆಲ್‌ನದು, ಪ್ಲಗ್ ಕೂಡ ಅದರದೇ ಅಳತೆಯದು, ಹಾಗಾಗಿ ಆ ಚಾರ್ಜರ್ ಬೇರೆ ಯಾವ ವಿಮಾನಕ್ಕೂ ಆಗದು. ಒಂದು ಹಲ್ಲು ಮುರಿದದ್ದಕ್ಕೆ ವಿಮಾನ, ರಿಮೋಟ್, ಬ್ಯಾಟರಿ, ಚಾರ್ಜರ್ ನಾಲ್ಕೂ ಒಟ್ಟಿಗೆ ಅಟ್ಟ ಸೇರಿದವು. ಕೊಟ್ಟ ದುಡ್ಡಿಗಿಂತ ಹೆಚ್ಚಾಗಿ, ರಿಪೇರಿ ಮಾಡಲು ಕೈಯೇ ಹಾಕಲಾಗದಂತೆ ಅದನ್ನು ಮಾಡಿಟ್ಟಿದ್ದಾರೆ ಎನ್ನುವುದು ನನಗೆ ಇವತ್ತಿಗೂ ಬೇಸರ.

ಕಟ್ಟಿದ ವಿಮಾನದಲ್ಲಿ ಇದೇ ಸರ್ವೊ ಕಥೆ ಎಷ್ಟು ಬೇಗ ಮುಗಿಯುತ್ತದೆ ನೋಡಿ. ಎಸ್‌ಜಿ90 ಎಂಬ 9 ಗ್ರಾಂ ಸರ್ವೊ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುತ್ತದೆ, ಕಾಲೇಜಿನ ಪ್ರಾಜೆಕ್ಟ್ ಸಾಮಾನು ಮಾರುವ ಅಂಗಡಿಗಳಲ್ಲೂ ಸಿಗುತ್ತದೆ. ಹಳೆಯದನ್ನು ಬ್ಲೇಡಿನಿಂದ ಬಿಡಿಸಿ, ಹೊಸದನ್ನು ಹಾಟ್ ಗ್ಲೂ, ಅಂದರೆ ಕಾಯಿಸಿ ಕರಗಿಸುವ ಅಂಟು, ಹಾಕಿ ಕೂರಿಸಿ, ಮೂರು ತಂತಿಯ ಪ್ಲಗ್ ರಿಸೀವರಿಗೆ ಚುಚ್ಚಿದರೆ ಮುಗಿಯಿತು. ನನ್ನದು 5 ಎಂಎಂ ಡೆಪ್ರಾನ್, ರೆಕ್ಕೆ ತುದಿಯಿಂದ ತುದಿಗೆ ಸುಮಾರು 1 ಮೀಟರ್, 2212 ಮೋಟಾರ್, 30 ಆಂಪ್ ಇಎಸ್‌ಸಿ, 2200 ಎಂಎಎಚ್‌ನ ಮೂರು ಸೆಲ್ ಲಿಪೊ ಬ್ಯಾಟರಿ, ಫ್ಲೈಸ್ಕೈ ಎಫ್‌ಎಸ್-ಐ6 ರಿಮೋಟ್. ಒಂದು ಕೆಟ್ಟರೆ ಒಂದನ್ನೇ ಬದಲಿಸಬಹುದು.

ಅಂಟಿನ ವಿಷಯದಲ್ಲಿ ಮಾತ್ರ ರೆಡಿಮೇಡ್ ಗೆಲ್ಲುತ್ತದೆ. ಇಪಿಒ ಮುರಿದರೆ ಫೆವಿಕ್ವಿಕ್ ಸಾಕು, ನೆಗ್ಗಿದರೆ ಬಿಸಿನೀರು ಹಾಕಿದಾಗ ಬಹುಪಾಲು ಉಬ್ಬಿಕೊಳ್ಳುತ್ತದೆ. ಡೆಪ್ರಾನ್‌ಗೆ ಫೆವಿಕ್ವಿಕ್ ಸೋಕಿದರೆ ಅದು ಕರಗಿ ಗುಳಿ ಬೀಳುತ್ತದೆ. ಹಾಟ್ ಗ್ಲೂ ಬೇಸಿಗೆಯಲ್ಲಿ ಕಾರಿನೊಳಗಿನ ಕಾವಿಗೇ ಮೆತ್ತಗಾಗುತ್ತದೆ, ಅದಕ್ಕೇ ರೆಕ್ಕೆಯ ನಡು ಜೋಡಣೆಗೆ ನಾನು ಎಪಾಕ್ಸಿ ಎಂಬ, ಎರಡು ಭಾಗ ಬೆರೆಸಿ ಹಚ್ಚುವ ಅಂಟನ್ನೇ ಬಳಸುತ್ತೇನೆ.

ಗಾಳಿಯಲ್ಲಿ ಹೋಲಿಕೆಯೇ ಇಲ್ಲ. ಆಷಾಢದಲ್ಲಿ ಹಗುರದ ಪುಟ್ಟ ವಿಮಾನ ಮುಂದೆ ಹೋಗುವ ಬದಲು ನಿಂತಲ್ಲೇ ತೂಗಾಡುತ್ತದೆ, 600 ಗ್ರಾಂ ಆಸುಪಾಸಿನ ನನ್ನದು ಗಾಳಿ ಸೀಳಿಕೊಂಡು ಹೋಗುತ್ತದೆ.

ತೂಕದ ಸಮತೋಲನ ಡಬ್ಬದವರು ಸರಿಮಾಡಿಯೇ ಕಳಿಸಿರುತ್ತಾರೆ. ಕಟ್ಟುವವರು ರೆಕ್ಕೆಯ ಮುಂದಿನ ಅಂಚಿನಿಂದ ಅದರ ಅಗಲದ ಶೇ. 25–30ರಷ್ಟು ಹಿಂದೆ ಎರಡು ಬೆರಳಿಟ್ಟು ಎತ್ತಿ, ವಿಮಾನ ಸಮವಾಗಿ ನಿಲ್ಲುವವರೆಗೆ ಬ್ಯಾಟರಿಯನ್ನು ಹಿಂದೆ ಮುಂದೆ ಸರಿಸಬೇಕು. ಬಾಲ ಭಾರವಾಗಿದ್ದರೆ ಹಾರಿಸಲೇಬೇಡಿ.

ಇಂಥ ವಿಮಾನಗಳಿಗೂ ಅನ್ವಯಿಸುವ 2021ರ ಡ್ರೋನ್ ನಿಯಮಗಳಲ್ಲಿ 250 ಗ್ರಾಂವರೆಗಿನದು ನ್ಯಾನೊ, ಅಲ್ಲಿಂದ 2 ಕೆಜಿವರೆಗೆ ಮೈಕ್ರೊ. ಯಾವುದೇ ಆದರೂ ಮೊದಲು ಸರ್ಕಾರದ ಡ್ರೋನ್ ವಲಯಗಳ ನಕ್ಷೆಯಲ್ಲಿ ನಿಮ್ಮ ಮೈದಾನ ಹಸಿರು ವಲಯದಲ್ಲಿದೆಯೇ ನೋಡಿ.

ಖರ್ಚಿನ ಲೆಕ್ಕ ಹೀಗೆ. ಮೊದಲ ಸಲ ಕಟ್ಟುವುದೇ ದುಬಾರಿ, ಏಕೆಂದರೆ ರಿಮೋಟ್, ಸೆಲ್‌ಗಳನ್ನೆಲ್ಲ ಸಮವಾಗಿ ತುಂಬುವ ಬ್ಯಾಲೆನ್ಸ್ ಚಾರ್ಜರ್, ಬ್ಯಾಟರಿ ಮೂರನ್ನೂ ಕೊಳ್ಳಬೇಕು. ಆಮೇಲೆ ಎಷ್ಟು ವಿಮಾನ ಕಟ್ಟಿದರೂ ಅವೇ ನಡೆಯುತ್ತವೆ, ಶೀಟು ಅಂಟಿನ ಖರ್ಚು ಮಾತ್ರ. ರಾತ್ರಿ ಊಟವಾದ ಮೇಲೆ ಒಂದು ಗಂಟೆ ಕೂತು ಕತ್ತರಿಸುವುದು ನನಗೆ ಹಾರಿಸುವಷ್ಟೇ ಇಷ್ಟ, ತಿಂಗಳ ಸಂಬಳದಲ್ಲಿ ಈ ಹವ್ಯಾಸಕ್ಕೆ ಎತ್ತಿಡುವುದು ಸ್ವಲ್ಪವೇ. ನನಗೆ ಡೆಪ್ರಾನೇ ಸರಿ. ಕತ್ತರಿಸಿ ಅಂಟಿಸಲು ತಾಳ್ಮೆಯಿಲ್ಲ, ಭಾನುವಾರ ಬೆಳಗ್ಗೆ ಹಾರಿಸಿದರೆ ಸಾಕು ಎನ್ನುವವರು ರೆಡಿಮೇಡೇ ಕೊಳ್ಳಲಿ, ಆದರೆ ಸರ್ವೊ ಬೇರೆ, ರಿಸೀವರ್ ಬೇರೆ ಇರುವುದನ್ನೇ ಕೇಳಿ ಕೊಳ್ಳಲಿ. ಕಟ್ಟುವವರು ರಿಮೋಟನ್ನು ಎಲ್ಲಕ್ಕಿಂತ ಮೊದಲು ತಂದಿಟ್ಟುಕೊಳ್ಳಿ. ಎಫ್‌ಎಸ್-ಐ6 ರಿಮೋಟಿಗೆ ಕೇಬಲ್ ಹಾಕಿ ಕಂಪ್ಯೂಟರಿನ ಸಿಮ್ಯುಲೇಟರಿನಲ್ಲಿ ಎಡ ಬಲ ಕೈಗೆ ಒಗ್ಗಿಸಿಕೊಳ್ಳುವಷ್ಟರಲ್ಲಿ ರೆಕ್ಕೆಯ ಎಪಾಕ್ಸಿ ಒಣಗಿರುತ್ತದೆ.