100 ಇಂಚಿನ ಫಿಕ್ಸೆಡ್ ಫ್ರೇಮ್ ಸ್ಕ್ರೀನ್: ಎರಡನೇ ಸಲ ಸರಿಯಾಗಿ ಆರಿಸಿದೆ

ಮನೆಯ ಪ್ರೊಜೆಕ್ಟರ್‌ಗೆ ಮೊದಲು ಕಡಿಮೆ ಬೆಲೆಗೆ ಸಿಕ್ಕಿತು ಅಂತ ಕೈಯಲ್ಲಿ ಕೆಳಗೆಳೆಯುವ ಸ್ಕ್ರೀನ್ ತಂದಿದ್ದೆ. ಆರು ತಿಂಗಳು ಚೆನ್ನಾಗಿತ್ತು. ಆಮೇಲೆ ಎರಡೂ ಅಂಚು ಮಡಚಿಕೊಂಡು ನಡುವೆ ಅಲೆ ಎದ್ದಿತು, ಕ್ರಿಕೆಟ್ ನೋಡುವಾಗ ಕ್ಯಾಮೆರಾ ತಿರುಗಿದರೆ ಸಾಕು, ಬೌಂಡರಿ ಗೆರೆ ಹಾವಿನ ಹಾಗೆ ಬಳುಕುತ್ತಿತ್ತು. ಸುಮ್ನೆ ದುಡ್ಡು ಹೋಯಿತು ಅಂತ ತುಂಬಾ ಬೇಜಾರಾಯಿತು.

ಈಗ ಹಾಕಿಸಿರುವುದು ಫಿಕ್ಸೆಡ್ ಫ್ರೇಮ್. ಅಲ್ಯೂಮಿನಿಯಂ ಚೌಕಟ್ಟಿಗೆ ಸುತ್ತಲೂ ಸ್ಪ್ರಿಂಗ್ ಹಾಕಿ ಬಟ್ಟೆಯನ್ನು ಎಳೆದು ಕಟ್ಟುತ್ತಾರೆ, ತಮಟೆಗೆ ಚರ್ಮ ಬಿಗಿದ ಹಾಗೆ. ಒಂದು ಸುಕ್ಕೂ ಇಲ್ಲ. ಚೌಕಟ್ಟಿನ ಕಪ್ಪು ವೆಲ್ವೆಟ್ ಹೊರಗೆ ಚೆಲ್ಲಿದ ಬೆಳಕನ್ನು ನುಂಗಿಬಿಡುತ್ತದೆ, ಚಿತ್ರದ ಅಂಚು ಅಷ್ಟು ನೀಟಾಗಿ ಕಾಣುತ್ತದೆ. 100 ಇಂಚು ಅಂದರೆ ಮೂಲೆಯಿಂದ ಮೂಲೆಗೆ ಅಲ್ವಾ, 16:9ರಲ್ಲಿ ಅಗಲ ಸುಮಾರು 87 ಇಂಚು, ಎತ್ತರ 49, ಚೌಕಟ್ಟು ಬೇರೆ. ಗೋಡೆ ಅಳೆದುಕೊಂಡೇ ಅಂಗಡಿಗೆ ಹೋಗಿ.

ನಮ್ಮ ಕೋಣೆಗೆ ದಪ್ಪ ಕರ್ಟನ್ ಇದೆ, ಹಾಗಾಗಿ 1.0 ಗೇನ್ (ಸ್ಕ್ರೀನ್ ಬೆಳಕನ್ನು ಎಷ್ಟು ಜೋರಾಗಿ ವಾಪಸ್ ಕಳಿಸುತ್ತದೆ ಅನ್ನುವ ಅಳತೆ) ಇರುವ ಮ್ಯಾಟ್ ಬಿಳಿ ಸಾಕಾಯಿತು. ಹಾಲ್‌ನಲ್ಲಿ ಹಗಲು ನೋಡುವವರು ಕೋಣೆಯ ಬೆಳಕು ಚಿತ್ರವನ್ನು ಮಂಕು ಮಾಡದ ಹಾಗೆ ತಡೆಯುವ ಬೂದು ಬಣ್ಣದ ಎಎಲ್‌ಆರ್ ಸ್ಕ್ರೀನ್ ನೋಡಿ, ಬೆಲೆ ಜಾಸ್ತಿಯೇ. ಆದರೆ ಗೋಡೆ ಪಕ್ಕದಲ್ಲೇ ಇಡುವ ಅಲ್ಟ್ರಾ ಶಾರ್ಟ್ ಥ್ರೋ ಪ್ರೊಜೆಕ್ಟರ್‌ಗೆ ಬೇರೆ ಥರದ ಎಎಲ್‌ಆರ್ ಬರುತ್ತದೆ. ಅದನ್ನು ಸೀಲಿಂಗ್ ಪ್ರೊಜೆಕ್ಟರ್‌ಗೆ ಹಾಕಿದರೆ ಚಿತ್ರ ಮಂಕಾಗುತ್ತದೆ, ದಯವಿಟ್ಟು ಕೇಳಿಯೇ ತಗೊಳ್ಳಿ.